ಒಂದು ದಿನದ ಸೂಪರ್‌ಕಂಪ್ಯೂಟರ್

2004ರ ಏಪ್ರಿಲ್ 3ರಂದು ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಜಿಮ್‌ಗೆ ಜನ ತಮ್ಮ ತಮ್ಮ ಕಂಪ್ಯೂಟರ್ ಹೊತ್ತು ತಂದರು. ಒಟ್ಟು ಸುಮಾರು 700. ರೈತರ ಮುಯ್ಯಾಳಿನ ಹಾಗೆ, ಅವರವರ ಸಲಕರಣೆ ಹಿಡಿದು ಒಂದೇ ಗದ್ದೆಗೆ ಇಳಿಯುವುದು. ಅವನ್ನೆಲ್ಲ ಜೋಡಿಸಿ ಜಗತ್ತಿನ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ಸೇರಬೇಕು ಅನ್ನುವುದು 'ಫ್ಲ್ಯಾಶ್‌ಮಾಬ್' ತಂಡದ ಆಸೆ.

ಒಂದರಲ್ಲಿ ಇದ್ದ ತಂತ್ರಾಂಶ ಇನ್ನೊಂದರಲ್ಲಿ ಇಲ್ಲ. ಮೇಲಾಗಿ ಹಾರ್ಡ್ ಡಿಸ್ಕ್ ತುಂಬ ಯಾರದೋ ಫೋಟೊ, ಪತ್ರ. ಅದನ್ನು ಮುಟ್ಟೋ ಹಾಗಿಲ್ಲ, ಅಲ್ವಾ? ಇದಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಸಿಡಿ. ಅದರಲ್ಲಿ ಮಾರ್ಫಿಕ್ಸ್ ಎಂಬ ಲಿನಕ್ಸ್ ಆವೃತ್ತಿಯ ಆಧಾರದ ಮೇಲೆ ಮಾಡಿದ ಪುಟ್ಟ ಕಾರ್ಯಾಚರಣಾ ವ್ಯವಸ್ಥೆ (ಓಎಸ್). ಸಿಡಿ ಹಾಕಿ ಬೂಟ್ ಮಾಡಿದರೆ ಎಲ್ಲವೂ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಲ್ಲೇ ನಡೆಯುತ್ತದೆ. ಆಫ್ ಮಾಡಿದರೆ ಕಂಪ್ಯೂಟರ್ ಮೊದಲಿನಂತೆಯೇ. ಈ ಕೆಲಸಕ್ಕೆ ಬೇಕಾದದ್ದು ಓಎಸ್‌ನ ತಿರುಳಾದ ಕರ್ನಲ್, ನೆಟ್‌ವರ್ಕ್ ಡ್ರೈವರ್, ಸಂದೇಶ ಸಾಗಿಸುವ ಎಂಪಿಐ, ಲೆಕ್ಕದ ಪ್ರೋಗ್ರಾಂ, ಇಷ್ಟೇ. ಓಎಸ್ ಹಗುರಾದಷ್ಟೂ ಲೆಕ್ಕಕ್ಕೆ ಸಿಗುವ ಮೆಮೊರಿ ಜಾಸ್ತಿ. ನನಗೆ ಇದು ಇಂದಿಗೂ ಬಹಳ ಸೊಗಸಾದ ವಿಚಾರ.

ಆದರೆ ಆ ಪಟ್ಟಿಗಾಗಿ ವೇಗ ಅಳೆಯಲು ಅವರು ಓಡಿಸಿದ ಲಿನ್‌ಪ್ಯಾಕ್ ಪರೀಕ್ಷೆ ಕಠಿಣ. ಅದರಲ್ಲಿ ಒಂದೇ ದೊಡ್ಡ ಸಮೀಕರಣ ಗುಂಪನ್ನು ಎಲ್ಲ ಯಂತ್ರಗಳೂ ಹಂಚಿಕೊಂಡು ಬಿಡಿಸುತ್ತವೆ. ಹೆಜ್ಜೆಹೆಜ್ಜೆಗೂ ಒಂದು ಇನ್ನೊಂದಕ್ಕೆ ಕಾಯಬೇಕು. ನಿಧಾನದ ಯಂತ್ರ ಉಳಿದವನ್ನೂ ನಿಧಾನ ಮಾಡುತ್ತದೆ, ಒಂದು ಕೆಟ್ಟರೆ ಇಡೀ ಲೆಕ್ಕ ಹೋಯಿತು. 256 ಯಂತ್ರಗಳು 180 ಗಿಗಾಫ್ಲಾಪ್ಸ್ ವೇಗ, ಅಂದರೆ ಸೆಕೆಂಡಿಗೆ 18,000 ಕೋಟಿ ಲೆಕ್ಕ, ಮುಟ್ಟಿದವು. ಮುಕ್ಕಾಲು ದಾರಿಯಲ್ಲಿ ಒಂದು ಕೈಕೊಟ್ಟಿತು. ಪೂರ್ತಿ ಮುಗಿದ ಲೆಕ್ಕಗಳಲ್ಲಿ ಅತ್ಯುತ್ತಮವಾದದ್ದು 150 ಯಂತ್ರಗಳ 77 ಗಿಗಾಫ್ಲಾಪ್ಸ್. ಆಗಿನ ಪಟ್ಟಿಯ ಕೊನೆಯ ಸ್ಥಾನಕ್ಕೇ 403 ಬೇಕಿತ್ತು.

ಸೋತದ್ದು ಆ ಪುಟ್ಟ ಓಎಸ್ ಅಲ್ಲ. ಎರವಲು ಯಂತ್ರಗಳಿಗೆ ಒಗ್ಗದ ಲೆಕ್ಕ ಕೊಟ್ಟದ್ದೇ ತೊಡಕು. ಬಾರ್ಸಿಲೋನಾದ ಅರ್ಥಶಾಸ್ತ್ರಜ್ಞ ಮೈಕಲ್ ಕ್ರೀಲ್ ರೂಪಿಸಿದ, ಇಂಥದ್ದೇ ಲಿನಕ್ಸ್ ಆದ ಪೆಲಿಕನ್‌ಎಚ್‌ಪಿಸಿ ನೋಡಿ. ಒಂದು ಕಂಪ್ಯೂಟರ್ ಸಿಡಿ ಅಥವಾ ಯುಎಸ್‌ಬಿಯಿಂದ ಬೂಟ್ ಆಗುತ್ತದೆ, ಉಳಿದವು ಅದರಿಂದಲೇ ನೆಟ್‌ವರ್ಕ್ ಮೂಲಕ ಏಳುತ್ತವೆ. ಕಾಲೇಜು ಲ್ಯಾಬ್‌ನಲ್ಲಿ ಇದನ್ನು ಮಾಡುವವರು ಈ ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್ಚನ್ನು ಕಾಲೇಜಿನ ಜಾಲದಿಂದ ಬಿಡಿಸಿಡಲೇಬೇಕು. ಇಲ್ಲವಾದರೆ ಆ ಮೊದಲ ಕಂಪ್ಯೂಟರ್ ಬೇರೆಯವರ ಕಂಪ್ಯೂಟರ್‌ಗಳಿಗೂ ಐಪಿ ವಿಳಾಸ ಹಂಚತೊಡಗುತ್ತದೆ. ಇಂಥ ಕಂಪ್ಯೂಟರ್ ಗುಂಪಿಗೆ, ಅಂದರೆ ಕ್ಲಸ್ಟರ್‌ಗೆ, ಮಾಂಟೆ ಕಾರ್ಲೊ ಲೆಕ್ಕಗಳು ಹೇಳಿಮಾಡಿಸಿದಂಥವು. ಯಾದೃಚ್ಛಿಕ ಸಂಖ್ಯೆ ಹಿಡಿದು ಒಂದೇ ಪ್ರಯೋಗವನ್ನು ಸಾವಿರಾರು ಸಲ ಮಾಡಬೇಕು, ಯಾರೂ ಯಾರಿಗೂ ಕಾಯಬೇಕಿಲ್ಲ. ನಡುವೆ ಒಂದು ಯಂತ್ರ ನಿಂತರೆ, ಅದರ ಪಾಲನ್ನು ಇನ್ನೊಂದಕ್ಕೆ ಕೊಟ್ಟರಾಯಿತು.