ಗುಂಡಿ ಒತ್ತಿದರೆ ದೀಪ: ಪೈಥಾನಿನಲ್ಲಿ ಕಷ್ಟವಿರುವುದು ಗುಂಡಿಯಲ್ಲೇ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಎಲ್‌ಇಡಿ ಬೆಳಗಿಸಲು ಮೂರು ಸಾಲು ಸಾಕು. ಅದೇ ಎಲ್‌ಇಡಿಯನ್ನು ಗುಂಡಿಯೊಂದರ ಮಾತು ಕೇಳುವಂತೆ ಮಾಡಲು ಹೊರಟರೆ ಇನ್ನೂ ಮೂರು ಸಾಲು ಸೇರಿದರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಬರೆದವರ ದೀಪ ಮುಟ್ಟದಿದ್ದಾಗಲೂ ಮಿಣುಕುತ್ತದೆ, ಒತ್ತಿದಾಗ ಕೆಲವೊಮ್ಮೆ ಮಾತ್ರ ಉರಿಯುತ್ತದೆ. ತಪ್ಪು ಪೈಥಾನಿನದಲ್ಲ, ಸ್ವಿಚ್ಚು ಕೆಟ್ಟಿರುವುದೂ ಅಪರೂಪ. ದೀಪಕ್ಕೆ ನಾವು ಆಜ್ಞೆ ಕೊಡುತ್ತೇವೆ, ಅದು ಪಾಲಿಸುತ್ತದೆ. ಗುಂಡಿಯಿಂದ ನಾವು ಸುದ್ದಿ ಕೇಳಿಕೊಳ್ಳಬೇಕು. ಲೋಹದ ಎರಡು ತುಂಡುಗಳು ತರುವ ಸುದ್ದಿ ನಾವು ಅಂದುಕೊಂಡಷ್ಟು ಶುದ್ಧವಾಗಿರುವುದಿಲ್ಲ. ಈ ಪ್ರಯೋಗದಲ್ಲಿ ಕಲಿಯುವಂಥದ್ದೆಲ್ಲ ಗುಂಡಿಯ ಕಡೆಗೇ ಇದೆ.

ಸಾಮಾನಿಗೆ ಮುಂಬಯಿಯವರು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ ಸಾಕು. ಬೋರ್ಡುಗಳ ಮೇಲೆ ಡಾ. ಭಡಕಮ್‌ಕರ್ ಮಾರ್ಗ ಎಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಇದೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನವೇ ಹೋಗಬೇಕು. ಪುಣೆಯವರಿಗೆ ಬುಧವಾರ ಪೇಟೆಯ ತಾಪ್‌ಕೀರ್ ಗಲ್ಲಿ ಇದೆ. ಬೇಕಾದದ್ದು ಇಷ್ಟು: ರಾಸ್ಪ್‌ಬೆರಿ ಪೈ ಪಿಕೊ (ಪ್ರೋಗ್ರಾಮು ಓಡಿಸುವ ಪುಟ್ಟ ಬೋರ್ಡು) ಒಂದು, 400 ತೂತಿನ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ) ಒಂದು, 5 ಮಿಲಿಮೀಟರಿನ ಕೆಂಪು ಎಲ್‌ಇಡಿ, 330 ಓಮ್ ರೆಸಿಸ್ಟರ್ (ಕರೆಂಟಿಗೆ ಮಿತಿ ಹಾಕುವ ಬಿಡಿಭಾಗ), ನಾಲ್ಕು ಕಾಲಿನ ಟ್ಯಾಕ್ಟ್ ಸ್ವಿಚ್ಚು (ನಮ್ಮ ಗುಂಡಿ ಇದೇ), ಐದಾರು ಜಂಪರ್ ವೈರು. ಸ್ವಿಚ್ಚನ್ನು ‘ಸಿಕ್ಸ್ ಬೈ ಸಿಕ್ಸ್’ ಎಂದು ಕೇಳಿದರೆ 6 ಮಿಲಿಮೀಟರ್ ಚೌಕದ್ದು ಸಿಗುತ್ತದೆ. ಪಿಕೊ ಕೊಳ್ಳುವಾಗ ಪಿನ್ನು ಬೆಸುಗೆ ಹಾಕಿದ್ದನ್ನೇ ಕೇಳಿ. ಅದರ ಹೆಸರು ಪಿಕೊ ಎಚ್. ಬರಿಯ ಬೋರ್ಡಿನ ತೂತಿಗೆ ಪಿನ್ನು ತೂರಿಸಿಟ್ಟು ಕೆಲಸ ನಡೆಸಲು ನೋಡುವವರಿದ್ದಾರೆ. ಬೆಸುಗೆಯಿಲ್ಲದ ಪಿನ್ನು ಒಮ್ಮೆ ತಾಗಿ ಒಮ್ಮೆ ಬಿಡುತ್ತದೆ, ಆಮೇಲೆ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗುತ್ತದೆ.

ಪಿಕೊ ಬಂದದ್ದು 2021ರ ಜನವರಿಯಲ್ಲಿ, 4 ಡಾಲರ್ ಬೆಲೆಗೆ. ಇದರಲ್ಲಿ ಓಡುವುದು ಮೈಕ್ರೊಪೈಥಾನ್, ಅಂದರೆ ಸಣ್ಣ ಚಿಪ್ಪಿಗೆ ತಕ್ಕಂತೆ ಕಿರಿದಾಗಿಸಿದ ಪೈಥಾನ್. ಬೋರ್ಡಿನ ಮೇಲಿರುವ ಬೂಟ್‌ಸೆಲ್ ಗುಂಡಿಯನ್ನು ಒತ್ತಿ ಹಿಡಿದು ಯುಎಸ್‌ಬಿ ಕೇಬಲ್ ಚುಚ್ಚಿದರೆ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ಥಾನಿ ಎಂಬ ಉಚಿತ ತಂತ್ರಾಂಶದ ಬಲಕೆಳಮೂಲೆಯಲ್ಲಿ ಮೈಕ್ರೊಪೈಥಾನನ್ನು ಆರಿಸಿ ಅಲ್ಲಿಂದಲೇ ಪಿಕೊಗೆ ಹಾಕಬಹುದು. ಏನೂ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ. ಫೋನ್ ಚಾರ್ಜಿಂಗಿಗೆಂದೇ ಬರುವ ಅಗ್ಗದ ಕೇಬಲ್ಲುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡು ಸತ್ತಿದೆ ಎಂದು ಅಂಗಡಿಗೆ ವಾಪಸು ಬರುವ ಪಿಕೊಗಳಲ್ಲಿ ಇಂಥವೂ ಇರುತ್ತವೆ.

ಇನ್ನು ಜೋಡಣೆ. ಯುಎಸ್‌ಬಿ ಮೇಲಕ್ಕೆ ಬರುವಂತೆ ಹಿಡಿದರೆ ಎಡಸಾಲಿನ ಕೊನೆಯ ಮೂರು ಪಿನ್ನುಗಳೇ ನಮ್ಮ ಕೆಲಸಕ್ಕೆ ಸಾಕು: 18ನೆಯದು ಗ್ರೌಂಡ್ (ಸೊನ್ನೆ ವೋಲ್ಟಿನ ಪಿನ್ನು), 19ನೆಯದು ಜಿಪಿ 14, 20ನೆಯದು ಜಿಪಿ 15. ಕಾಲುಗಳನ್ನು ಎಣಿಸಿದಾಗ ಬರುವ ಸಂಖ್ಯೆ ಬೇರೆ, ಪ್ರೋಗ್ರಾಮಿನಲ್ಲಿ ಬರೆಯುವ ಜಿಪಿ ಸಂಖ್ಯೆ ಬೇರೆ. 20 ಎಂದು ಬರೆದು ದೀಪ ಉರಿಯಲಿಲ್ಲ ಎನ್ನುವುದು ಬಹಳ ಸಾಮಾನ್ಯ. ಜಿಪಿ 15ರಿಂದ 330 ಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡಿಗೆ. ಕಾಲು ಕತ್ತರಿಸಿ ಹೋಗಿದ್ದರೆ ಎಲ್‌ಇಡಿಯ ಅಂಚು ಚಪ್ಪಟೆಯಾಗಿರುವ ಕಡೆಯದು ಗ್ರೌಂಡಿನ ಕಾಲು. ತಿರುಗುಮುರುಗಾಗಿ ಹಾಕಿದರೆ ಉರಿಯುವುದಿಲ್ಲ, ಈ ವೋಲ್ಟೇಜಿನಲ್ಲಿ ಸುಡುವುದೂ ಇಲ್ಲ.

330 ಯಾಕೆ? ಪಿಕೊದ ಪಿನ್ನು ಕೊಡುವುದು 3.3 ವೋಲ್ಟು. ಕೆಂಪು ಎಲ್‌ಇಡಿ ಸುಮಾರು 1.9 ವೋಲ್ಟನ್ನು ತಾನು ಇಟ್ಟುಕೊಳ್ಳುತ್ತದೆ. ಉಳಿದ 1.4 ವೋಲ್ಟನ್ನು 330ರಿಂದ ಭಾಗಿಸಿದರೆ ಸುಮಾರು 4 ಮಿಲಿಆಂಪಿಯರ್ ಬರುತ್ತದೆ. ಕಣ್ಣಿಗೆ ಇಷ್ಟು ಬೆಳಕು ಧಾರಾಳ, ಪಿನ್ನಿಗೂ ಹಗುರ. ರೆಸಿಸ್ಟರ್ ಇಲ್ಲದೆ ನೇರ ಜೋಡಿಸಿದರೆ ದೀಪ ಝಗ್ಗನೆ ಉರಿದಂತೆ ಕಂಡರೂ ಪಿನ್ನಿನಿಂದ ಅದು ಕೊಡಬಾರದಷ್ಟು ಕರೆಂಟನ್ನು ಎಳೆಯುತ್ತಿರುತ್ತದೆ. ರೆಸಿಸ್ಟರಿನ ಪಟ್ಟಿಗಳು ಕಿತ್ತಳೆ, ಕಿತ್ತಳೆ, ಕಂದು ಇರಬೇಕು. ಮೂರನೆಯದೂ ಕಿತ್ತಳೆಯಾಗಿದ್ದರೆ ಅದು 33,000 ಓಮ್. ದೀಪ ಉರಿದದ್ದೇ ಗೊತ್ತಾಗುವುದಿಲ್ಲ. ನೀಲಿ ಅಥವಾ ಬಿಳಿ ಎಲ್‌ಇಡಿ ತಂದವರ ದೀಪವೂ ಮಂಕಾಗಬಹುದು: ಅವಕ್ಕೆ 3 ವೋಲ್ಟಿನಷ್ಟು ಬೇಕು, 3.3ರಲ್ಲಿ ಉಳಿಯುವುದು ಅತ್ಯಲ್ಪ. ಮೊದಲ ಪ್ರಯೋಗಕ್ಕೆ ಕೆಂಪೇ ಸರಿ.

ಸ್ವಿಚ್ಚಿಗೆ ನಾಲ್ಕು ಕಾಲಿದ್ದರೂ ಒಳಗೆ ಇರುವುದು ಎರಡೇ ತುದಿ. ಎರಡೆರಡು ಕಾಲು ಸದಾ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಆ ಕೂಡಿಕೊಂಡ ಜೋಡಿಗೇ ಎರಡೂ ತಂತಿ ಹಾಕಿದರೆ ಗುಂಡಿ ಸದಾ ಒತ್ತಿದಂತೆಯೇ ತೋರುತ್ತದೆ. ಯಾವ ಜೋಡಿ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಕರ್ಣದ ಎರಡು ಮೂಲೆಗಳಿಗೆ ತಂತಿ ಹಾಕಿದರೆ ಯಾವಾಗಲೂ ಸರಿ. ಒಂದು ಜಿಪಿ 14ಕ್ಕೆ, ಎದುರು ಮೂಲೆಯದು ಗ್ರೌಂಡಿಗೆ. ಬ್ರೆಡ್‌ಬೋರ್ಡಿನ ನಡುವಿನ ಕಾಲುವೆಯ ಎರಡೂ ಬದಿಗೆ ಕಾಲು ಚಾಚುವಂತೆ ಸ್ವಿಚ್ಚನ್ನು ಒತ್ತಿ ಕೂರಿಸಿ.

ಈಗ ಪ್ರೋಗ್ರಾಮು. ಓದಲು ಅನುಕೂಲವಾಗಲೆಂದು ಇಲ್ಲಿ ಪೂರ್ತಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪು ಮಾಡುವಾಗ ಪೈಥಾನಿನ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು: ಪಿನ್ ಮತ್ತು ಟ್ರೂ ಪದಗಳ ಮೊದಲಕ್ಷರ ದೊಡ್ಡದು, ಇನ್, ಔಟ್, ಪುಲ್_ಅಪ್ ಎಲ್ಲ ಅಕ್ಷರವೂ ದೊಡ್ಡದು, ಉಳಿದದ್ದೆಲ್ಲ ಸಣ್ಣದು.

ಫ್ರಮ್ ಮೆಷೀನ್ ಇಂಪೋರ್ಟ್ ಪಿನ್
ದೀಪ = ಪಿನ್(15, ಪಿನ್.ಔಟ್)
ಗುಂಡಿ = ಪಿನ್(14, ಪಿನ್.ಇನ್, ಪಿನ್.ಪುಲ್_ಅಪ್)
ವೈಲ್ ಟ್ರೂ:
    ದೀಪ.ವ್ಯಾಲ್ಯೂ(ನಾಟ್ ಗುಂಡಿ.ವ್ಯಾಲ್ಯೂ())

ದೀಪ, ಗುಂಡಿ ಎಂಬ ಹೆಸರುಗಳನ್ನು ಮಾತ್ರ ನಿಜವಾಗಿಯೂ ಕನ್ನಡದಲ್ಲೇ ಟೈಪು ಮಾಡಬಹುದು. ನಾವಾಗಿ ಇಡುವ ಹೆಸರು ಯಾವ ಲಿಪಿಯಲ್ಲಿದ್ದರೂ ಪೈಥಾನ್ 3 ಒಪ್ಪುತ್ತದೆ, ಮೈಕ್ರೊಪೈಥಾನೂ ಒಪ್ಪುತ್ತದೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಮಾತ್ರ ಕನ್ನಡ ಎಂದು ಬೆಳೆಯುವ ಡೊಂಬಿವಲಿ, ಠಾಣೆಯ ಕನ್ನಡ ಮಕ್ಕಳಿಗೆ ಇದೊಂದು ಒಳ್ಳೆಯ ಸವಲತ್ತು, ಬಳಸಿಕೊಳ್ಳಬೇಕು. ಆದರೆ ಒಂದು ಎಚ್ಚರ ಬೇಕು. ಪದದ ನಡುವೆ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲೆಂದು ಕನ್ನಡ ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತದೆ. ಕಂಪ್ಯೂಟರಿನ ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ದೀಪ, ಗುಂಡಿ, ಈಗ, ಹಿಂದಿನ ಎಂಬಂಥ ಹೆಸರುಗಳಿಗೆ ಆ ಕಾಟವಿಲ್ಲ.

ಪ್ರೋಗ್ರಾಮು ಓಡಿತು, ಗುಂಡಿ ಒತ್ತಿದರೆ ದೀಪ ಉರಿಯಿತು. ಇಲ್ಲಿಗೇ ನಿಲ್ಲಬೇಡಿ. ಮೂರನೆಯ ಸಾಲಿನಿಂದ ಪಿನ್.ಪುಲ್_ಅಪ್ ಎಂಬ ಭಾಗವನ್ನು, ಅದರ ಹಿಂದಿನ ಅಲ್ಪವಿರಾಮದ ಸಮೇತ, ಅಳಿಸಿ ಮತ್ತೆ ಓಡಿಸಿ. ಗುಂಡಿ ಮುಟ್ಟದೆ, ಜಿಪಿ 14ರ ತಂತಿಯ ಹತ್ತಿರ ಬೆರಳು ಒಯ್ದು ತಂತಿಯ ಲೋಹವನ್ನು ಮುಟ್ಟಿ. ದೀಪ ಮಿಣುಕಬಹುದು, ಅರೆಬೆಳಕಿನಲ್ಲಿ ನಡುಗಬಹುದು, ಸುಮ್ಮನೆಯೂ ಇರಬಹುದು. ಒತ್ತದ ಗುಂಡಿ ಅಂದರೆ ಎಲ್ಲಿಗೂ ಸೇರದ ತಂತಿ. ನಾವು ಅದನ್ನು ಸೊನ್ನೆ ಎಂದುಕೊಳ್ಳುತ್ತೇವೆ, ಪಿನ್ನಿಗೆ ಹಾಗಿಲ್ಲ. ಪಿನ್ನಿನ ಒಳಗಿನ ಟ್ರಾನ್ಸಿಸ್ಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಹಾಗಾಗಿ ಅತಿ ಸಣ್ಣ ವಿದ್ಯುದಾವೇಶವೂ ಅದನ್ನು ಒಂದು ಕಡೆಗೆ ವಾಲಿಸಿಬಿಡುತ್ತದೆ. ಕೋಣೆಯ ಫ್ಯಾನು, ಟ್ಯೂಬ್‌ಲೈಟು, ಗೋಡೆಯೊಳಗಿನ ವೈರಿಂಗು ಸೆಕೆಂಡಿಗೆ 50 ಸಲ ತಿರುಗುವ ವಿದ್ಯುತ್ ಕ್ಷೇತ್ರವನ್ನು ಸುತ್ತ ಹರಡಿರುತ್ತವೆ, ನಮ್ಮ ಮೈ ಅದಕ್ಕೆ ಆಂಟೆನಾ. ಬೆರಳು ತಾಗಿದಾಗ ಪಿನ್ನು ಓದುತ್ತಿರುವುದು ಮನೆಯ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು. ಈ ಪ್ರಯೋಗವನ್ನು ಬಿಟ್ಟು ಮುಂದೆ ಹೋಗಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ತೇಲುವ ಪಿನ್ನನ್ನು ಕಣ್ಣಾರೆ ನೋಡಿದವರು ಮತ್ತೆಂದೂ ಒಂದು ಇನ್‌ಪುಟ್ಟನ್ನು ಅನಾಥವಾಗಿ ಬಿಡುವುದಿಲ್ಲ.

ಅಳಿಸಿದ ಪುಲ್_ಅಪ್ ಭಾಗವನ್ನು ಈಗ ಮತ್ತೆ ಸೇರಿಸಿ. ಅದು ಮಾಡುವುದಿಷ್ಟೆ: ಚಿಪ್ಪಿನೊಳಗೆ ಇರುವ 50,000ದಿಂದ 80,000 ಓಮಿನ ರೆಸಿಸ್ಟರ್ ಒಂದನ್ನು ಪಿನ್ನಿಗೂ 3.3 ವೋಲ್ಟಿಗೂ ನಡುವೆ ಜೋಡಿಸುತ್ತದೆ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಸ್ಪ್ರಿಂಗಿನಂತೆ ಅದು ಪಿನ್ನನ್ನು ಮೆಲ್ಲಗೆ ಮೇಲಕ್ಕೆ, ಅಂದರೆ 1ರ ಕಡೆಗೆ, ಎಳೆದಿಟ್ಟಿರುತ್ತದೆ. ಗುಂಡಿ ಒತ್ತಿದರೆ ಪಿನ್ನು ನೇರ ಗ್ರೌಂಡಿಗೆ ಸೇರಿ 0 ಆಗುತ್ತದೆ. ಒತ್ತಿದರೆ 0, ಬಿಟ್ಟರೆ 1: ತಲೆಕೆಳಗಾದ ಈ ಲೆಕ್ಕಕ್ಕಾಗಿಯೇ ಕೊನೆಯ ಸಾಲಿನಲ್ಲಿ ‘ನಾಟ್’ ಇರುವುದು. ಇದೇನು ಉಲ್ಟಾ ಎಂದು ಕೆಲವರು ಗುಂಡಿಯನ್ನು 3.3 ವೋಲ್ಟಿಗೆ ಸೇರಿಸಿ, ಪಿನ್ನನ್ನು 0ಯ ಕಡೆಗೆ ಎಳೆಯುವ ಪುಲ್_ಡೌನ್ ಬಳಸುತ್ತಾರೆ. ಹಳೆಯ ಪಿಕೊದಲ್ಲಿ ಅದೂ ನಡೆಯುತ್ತದೆ. 2024ರಲ್ಲಿ ಬಂದ ಪಿಕೊ 2ರ ಮೊದಮೊದಲ ಚಿಪ್ಪುಗಳಲ್ಲಿ ಒಳಗಿನ ಪುಲ್_ಡೌನಿಗೆ ಒಂದು ದೋಷವಿದೆ. ಒಮ್ಮೆ ಮೇಲೇರಿದ ಪಿನ್ನು ಪೂರ್ತಿ ಕೆಳಗಿಳಿಯದೆ 2 ವೋಲ್ಟಿನ ಆಸುಪಾಸು ಸಿಕ್ಕಿಕೊಳ್ಳಬಹುದು. ಪುಲ್_ಅಪ್ ರೂಢಿ ಮಾಡಿಕೊಂಡವರಿಗೆ ಈ ತೊಂದರೆ ತಟ್ಟುವುದಿಲ್ಲ.

ಇಲ್ಲಿಯವರೆಗೆ ಒತ್ತಿ ಹಿಡಿದಷ್ಟು ಹೊತ್ತು ದೀಪ. ಒಮ್ಮೆ ಒತ್ತಿದರೆ ಉರಿದು, ಮತ್ತೊಮ್ಮೆ ಒತ್ತಿದರೆ ಆರಬೇಕು ಎಂದರೆ ಗುಂಡಿಯ ಎರಡನೆಯ ಗುಣ ಎದುರಾಗುತ್ತದೆ. ಸ್ವಿಚ್ಚಿನೊಳಗೆ ಲೋಹದ ಸಣ್ಣ ಗುಬುಟೊಂದು ಕೆಳಗಿನ ಲೋಹಕ್ಕೆ ಬಡಿಯುತ್ತದೆ, ಬಡಿದು ಪುಟಿಯುತ್ತದೆ, ಮತ್ತೆ ಬಡಿಯುತ್ತದೆ. ಕೆಲವು ಮಿಲಿಸೆಕೆಂಡುಗಳಲ್ಲಿ ಎಲ್ಲ ಮುಗಿದು ಗಟ್ಟಿಯಾಗಿ ಕೂರುತ್ತದೆ. ಬೆರಳಿಗೆ ಇದು ಒಂದೇ ಒತ್ತು. ಆದರೆ ಪಿಕೊ ಆ ಹೊತ್ತಿನಲ್ಲಿ ಪಿನ್ನನ್ನು ನೂರಾರು ಸಲ ನೋಡಿರುತ್ತದೆ, ಅದರ ಲೆಕ್ಕದಲ್ಲಿ ಗುಂಡಿಯನ್ನು ನಾಲ್ಕೈದು ಬಾರಿ ಒತ್ತಿ ಬಿಟ್ಟಿದ್ದಾರೆ. ಹೀಗೆ ಎಣಿಸಿದ ಒತ್ತುಗಳ ಸಂಖ್ಯೆ ಬೆಸವಾದರೆ ದೀಪ ಬದಲಾಗುತ್ತದೆ, ಸಮವಾದರೆ ಇದ್ದಲ್ಲಿಗೇ ಮರಳುತ್ತದೆ. ‘ಕೆಲವೊಮ್ಮೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಇಲ್ಲ’ ಎಂಬ ದೂರಿನ ಮೂಲ ಇದು.

ಪರಿಹಾರ ಸರಳ: ಅಷ್ಟು ಅವಸರದಲ್ಲಿ ನೋಡಬಾರದು.

ಫ್ರಮ್ ಟೈಮ್ ಇಂಪೋರ್ಟ್ ಸ್ಲೀಪ್_ಎಂಎಸ್
ಹಿಂದಿನ = 1
ವೈಲ್ ಟ್ರೂ:
    ಈಗ = ಗುಂಡಿ.ವ್ಯಾಲ್ಯೂ()
    ಇಫ್ ಹಿಂದಿನ == 1 ಆಂಡ್ ಈಗ == 0:
        ದೀಪ.ಟಾಗಲ್()
    ಹಿಂದಿನ = ಈಗ
    ಸ್ಲೀಪ್_ಎಂಎಸ್(20)

ಮೊದಲ ಪ್ರೋಗ್ರಾಮಿನ ಮೂರು ಸಾಲುಗಳ ಕೆಳಗೆ ಇದನ್ನು ಹಾಕಬೇಕು, ಹಳೆಯ ವೈಲ್ ಭಾಗವನ್ನು ತೆಗೆಯಬೇಕು. ಟಾಗಲ್ ಎಂದರೆ ಉರಿಯುತ್ತಿದ್ದರೆ ಆರಿಸು, ಆರಿದ್ದರೆ ಉರಿಸು ಎಂದು. 20 ಮಿಲಿಸೆಕೆಂಡಿಗೊಮ್ಮೆ ನೋಡಿದರೆ ಇಡೀ ಪುಟಿತದ ಅವಧಿಯಲ್ಲಿ ಹೆಚ್ಚೆಂದರೆ ಒಂದು ನೋಟ ಬೀಳುತ್ತದೆ. ಆ ನೋಟಕ್ಕೆ 0 ಕಂಡರೆ ಒತ್ತು ಈಗಲೇ ದಾಖಲಾಯಿತು, 1 ಕಂಡರೆ ಮುಂದಿನ ನೋಟದಲ್ಲಿ. ಹೇಗಾದರೂ ಒಂದೇ ಸಲ. ಇಫ್ ಸಾಲಿನಲ್ಲಿ ಎರಡು ಸಮ ಚಿಹ್ನೆ ಬೇಕು, ಒಂದೇ ಹಾಕಿದರೆ ಪೈಥಾನ್ ನಿಲ್ಲಿಸಿಬಿಡುತ್ತದೆ. ‘ಹಿಂದಿನ = ಈಗ’ ಎಂಬುದು ಇಫ್‌ನ ಒಳಗೆ ಸರಿಯದಂತೆಯೂ ನೋಡಿಕೊಳ್ಳಿ. ಸರಿದರೆ ಮೊದಲ ಒತ್ತಿನ ನಂತರ ಹಿಂದಿನ ಎಂಬುದು 0 ಆಗಿಯೇ ಉಳಿದು ಗುಂಡಿ ಶಾಶ್ವತವಾಗಿ ಮೌನವಾಗುತ್ತದೆ. ಈ ತಪ್ಪಿಗೆ ಪೈಥಾನ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಎಲ್ಲ ಸರಿಯಾದ ಮೇಲೆ ಫೈಲನ್ನು ಪಿಕೊದೊಳಗೆ ‘ಮೇನ್.ಪಿವೈ’ ಎಂಬ ಹೆಸರಿನಲ್ಲೇ ಉಳಿಸಿ. ಬೇರೆ ಹೆಸರಿಟ್ಟರೆ ಲ್ಯಾಪ್‌ಟಾಪಿನಿಂದ ಕಿತ್ತು ಚಾರ್ಜರಿಗೆ ಚುಚ್ಚಿದಾಗ ಪ್ರೋಗ್ರಾಮು ತಾನಾಗಿ ಶುರುವಾಗುವುದಿಲ್ಲ. ಮಳೆಗಾಲದ ಮುಂಬಯಿಯಲ್ಲಿ ಇನ್ನೊಂದು ಕಿರಿಕಿರಿ ಉಂಟು: ಅಗ್ಗದ ಬ್ರೆಡ್‌ಬೋರ್ಡಿನ ಒಳಗಿನ ಲೋಹದ ಹಿಡಿಗಳು ತೇವಕ್ಕೆ ಕಂದಿ ತಂತಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೋರ್ಡನ್ನು ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು.

ನಿಜವಾದ ಬಳಕೆಗೆ ಒಂದು ಉದಾಹರಣೆ ನೋಡೋಣ. ಮಾಟುಂಗದಂಥ ಕಡೆಯ ಉಡುಪಿ ಹೋಟೆಲಿನಲ್ಲಿ ಅಡುಗೆಮನೆಯವರು ದೋಸೆ ಸಿದ್ಧವಾಯಿತೆಂದು ಗುಂಡಿ ಒತ್ತಬೇಕು, ಸಪ್ಲೈಯರ್ ತಟ್ಟೆ ಎತ್ತಿಕೊಂಡು ಇನ್ನೊಂದು ಗುಂಡಿ ಒತ್ತಿ ದೀಪ ಆರಿಸಬೇಕು. ಎರಡನೆಯ ಗುಂಡಿಯನ್ನು 17ನೆಯ ಪಿನ್ನಿಗೆ, ಅಂದರೆ ಜಿಪಿ 13ಕ್ಕೆ, ಸೇರಿಸಿ. ಇಲ್ಲಿ ಟಾಗಲ್ ಬೇಕಿಲ್ಲ: ಒಂದು ಗುಂಡಿ 0 ಆದರೆ ದೀಪ.ಆನ್(), ಇನ್ನೊಂದು 0 ಆದರೆ ದೀಪ.ಆಫ್(). ಹೀಗೆ ಮಾಡಿದರೆ ಪುಟಿತದ ಸಮಸ್ಯೆಯೇ ಮಾಯ. ಗುಂಡಿ ಹತ್ತು ಸಲ ಪುಟಿದರೂ ಉರಿಯುತ್ತಿರುವ ದೀಪಕ್ಕೆ ಉರಿ ಎಂದು ಹತ್ತು ಸಲ ಹೇಳಿದಂತಾಗುತ್ತದೆ, ಅಷ್ಟೆ. ಒಂದೇ ಗುಂಡಿಯಲ್ಲಿ ಎಲ್ಲ ಮುಗಿಸುವ ಜಾಣತನಕ್ಕಿಂತ ಎರಡು ಗುಂಡಿಯ ಈ ವ್ಯವಸ್ಥೆ ಎಷ್ಟೋ ಮೇಲು.

ಆದರೆ ಉದ್ದ ತಂತಿಯ ಗದ್ದಲ ಇದರಿಂದ ಹೋಗುವುದಿಲ್ಲ. ಗ್ರೈಂಡರು, ಫ್ರಿಜ್ಜು ಚಾಲೂ ಆಗುವ ಕ್ಷಣದಲ್ಲಿ ಐದಾರು ಮೀಟರಿನ ತಂತಿಯಲ್ಲಿ ಹುಟ್ಟುವ ಮಿಡಿತವನ್ನು ಚಿಪ್ಪಿನೊಳಗಿನ 50,000 ಓಮಿನ ದುರ್ಬಲ ಎಳೆತ ತಡೆಯಲಾರದು. ಹೊರಗಿನಿಂದ ಜಿಪಿ 14ಕ್ಕೂ 36ನೆಯ ಪಿನ್ನಿನ 3.3 ವೋಲ್ಟಿಗೂ ನಡುವೆ 4,700 ಓಮ್ ರೆಸಿಸ್ಟರ್, ಜಿಪಿ 14ಕ್ಕೂ ಗ್ರೌಂಡಿಗೂ ನಡುವೆ 104 ಎಂದು ಬರೆದಿರುವ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ (ಸಣ್ಣ ಮಿಡಿತಗಳನ್ನು ನುಂಗುವ ಬಿಡಿಭಾಗ), ಗುಂಡಿಯಿಂದ ಬರುವ ತಂತಿಯಲ್ಲಿ 470 ಓಮ್ ಹಾಕಿ. ಮೂರೂ ಪಿಕೊದ ಪಕ್ಕದಲ್ಲೇ ಇರಲಿ, ಜಿಪಿ 13ಕ್ಕೂ ಇದೇ ಜೋಡಣೆ. ತಂತಿಗೆ ನೆಟ್‌ವರ್ಕ್ ಕೇಬಲ್ಲಿನ ಹೆಣೆದ ಜೋಡಿಯೊಂದನ್ನು ಬಳಸಿ, ಒಂದೆಳೆ ಗುಂಡಿಗೆ, ಇನ್ನೊಂದೆಳೆ ಗ್ರೌಂಡಿಗೆ. 230 ವೋಲ್ಟಿನ ವೈರಿರುವ ಪೈಪಿನೊಳಗೆ ಇದನ್ನು ಎಳೆಯಬೇಡಿ, ಬೇರೆಯೇ ದಾರಿಯಲ್ಲಿ ಒಯ್ಯಿರಿ. ಗುಂಡಿ ಮಾತ್ರ ಹಿಟ್ಟು ಮೆತ್ತಿದ ಕೈಗೆ ತಾಳುವಂಥದ್ದಾಗಬೇಕು. ಲ್ಯಾಮಿಂಗ್ಟನ್ ರೋಡಿನಲ್ಲೇ ಸಿಗುವ, ರಬ್ಬರು ಹೊದಿಕೆಯ ದೊಡ್ಡ ಪುಶ್ ಬಟನ್ ಅದಕ್ಕೆ ಸರಿಹೊಂದುತ್ತದೆ.