ಕಂಪೈಲ್: ಸಂಕಲನವೋ, ಬೀಸುವುದೋ?

ಕಂಪ್ಯೂಟರ್ ಲೋಕದ ‘ಕಂಪೈಲ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಸಂಕಲನ’ ಎಂಬ ಅನುವಾದ ಬಳಕೆಯಲ್ಲಿದೆ. ಆದರೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಲಿಯುತ್ತಿರುವ ವಿದ್ಯಾರ್ಥಿಗೆ ಈ ಮಾತು ಕವನ ಸಂಕಲನವನ್ನು ನೆನಪಿಸುತ್ತದೆಯೇ ಹೊರತು, ಮನುಷ್ಯರು ಓದಿ ತಿದ್ದಬಹುದಾದ ಸೋರ್ಸ್ ಕೋಡನ್ನು ಪ್ರೊಸೆಸರ್ ನಡೆಸಬಲ್ಲ ಯಂತ್ರಭಾಷೆಗೆ ಮಾರ್ಪಡಿಸುವ ಕೆಲಸವನ್ನಲ್ಲ. ಹಾಗೆಂದು ಅನುವಾದ ತಪ್ಪೇನಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ 1952ರ ಸುಮಾರಿಗೆ ರೂಪಿಸಿದ ಎ-0 ಎಂಬ ಕಂಪೈಲರ್, ಟೇಪಿನಲ್ಲಿ ಸಂಗ್ರಹಿಸಿಟ್ಟಿದ್ದ ಸಿದ್ಧ ಕೋಡ್ ತುಣುಕುಗಳನ್ನು ಆಯ್ದು ಒಂದುಗೂಡಿಸುತ್ತಿತ್ತು. ಅದು ನಿಜಕ್ಕೂ ಸಂಕಲನವೇ. ಇಂದು ಆ ಜೋಡಣೆಯನ್ನು ಲಿಂಕರ್ ಎಂಬ ಬೇರೊಂದು ಪ್ರೋಗ್ರಾಂ ಮಾಡುತ್ತದೆ, ಹೆಸರು ಮಾತ್ರ ಕಂಪೈಲರಿಗೆ ಉಳಿದುಕೊಂಡಿದೆ.

ಇಂದಿನ ಅರ್ಥಕ್ಕೆ ನಮ್ಮ ಕಡೆಯ ‘ಬೀಸುವುದು’ ಎಂಬ ಮಾತು ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ. ಒಂದೇ ಜೋಳ ಗಿರಣಿಯಲ್ಲಿ ರೊಟ್ಟಿಗೆ ಸಣ್ಣ ಹಿಟ್ಟಾಗುತ್ತದೆ, ಬೇಕೆಂದರೆ ನುಚ್ಚೂ ಆಗುತ್ತದೆ. ಹಾಗೆಯೇ ಒಂದೇ ಸೋರ್ಸ್ ಕೋಡ್ ಇಂಟೆಲ್ ಪ್ರೊಸೆಸರಿಗೆ ಒಂದು ಬಗೆಯಾಗಿ, ಆರ್ಮ್ ಪ್ರೊಸೆಸರಿಗೆ ಮತ್ತೊಂದು ಬಗೆಯಾಗಿ ಸಿದ್ಧವಾಗುತ್ತದೆ. ಹಿಟ್ಟಿನಿಂದ ಕಾಳು ಮರಳಿ ಬಾರದಂತೆ, ಬರೆದವರು ಕೋಡಿನ ನಡುವೆ ಇಟ್ಟ ಟಿಪ್ಪಣಿಗಳು ಬೈನರಿಯಿಂದ, ಎಂದರೆ ಸಿದ್ಧವಾದ ಯಂತ್ರಭಾಷೆಯ ಕಡತದಿಂದ, ಮರಳಿ ಸಿಗುವುದಿಲ್ಲ. ಪ್ರೋಗ್ರಾಂಗಳನ್ನು ತಂದು ಸ್ಥಾಪಿಸುವ ‘ಆಪ್ಟ್’ ಎಂಬ ಉಪಕರಣದ ಮೂಲಕ ಇಳಿಸಿಕೊಳ್ಳುವ ಪ್ಯಾಕೇಜ್ ಅಂಗಡಿಯ ಕಡಕ್ ರೊಟ್ಟಿಯಂತೆ ಸಿದ್ಧವಸ್ತು. ಹೆಚ್ಚಿನವರಿಗೆ ಅದೇ ಸಾಕು, ಮತ್ತು ಅದೇ ಸರಿ. ಹೊಸ ಆವೃತ್ತಿಯೇ ಬೇಕಾದಾಗ ಅಥವಾ ಕೋಡನ್ನು ತಿದ್ದಿ ನೋಡಬೇಕೆನಿಸಿದಾಗ ಮಾತ್ರ ಬೀಸುವ ಶ್ರಮ ಸಾರ್ಥಕವಾಗುತ್ತದೆ.

ನಡೆಯುತ್ತಿರುವ ಪ್ರೋಗ್ರಾಂಗಳನ್ನು ಟರ್ಮಿನಲ್ಲಿನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ತೋರಿಸುವ ‘ಎಚ್‌ಟಾಪ್’ ಅನ್ನು ಉದಾಹರಣೆಯಾಗಿ ನೋಡೋಣ. ಬಿಡುಗಡೆಯಾದ ಸೋರ್ಸ್ ಕೋಡಿನ ಕಟ್ಟನ್ನು ಬಿಚ್ಚಿ, ಆ ಫೋಲ್ಡರಿನೊಳಗೆ ಮೊದಲು ‘ಕಾನ್ಫಿಗರ್’ ನಡೆಸಬೇಕು. ಇದು ಏನನ್ನೂ ಕಂಪೈಲ್ ಮಾಡಿ ಕೊಡುವುದಿಲ್ಲ. ಕಂಪೈಲರ್ ಇದೆಯೇ, ಬೇಕಾದ ಲೈಬ್ರರಿಗಳು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇವೆಯೇ ಎಂದು ಪರೀಕ್ಷಿಸಿ, ಕಂಪೈಲ್ ಮಾಡುವ ಕ್ರಮವನ್ನು ಹೇಳುವ ‘ಮೇಕ್‌ಫೈಲ್’ ಬರೆದಿಡುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎಚ್‌ಟಾಪ್‌ಗೆ ಬೇಕಾದ ‘ಎನ್‌ಕರ್ಸಸ್’ ಲೈಬ್ರರಿ ಯಂತ್ರದಲ್ಲಿ ಆಗಲೇ ಇದ್ದರೂ ‘ಕಾಣಿಸಲಿಲ್ಲ’ ಎಂಬ ದೋಷ ಬರುವುದುಂಟು. ಏಕೆಂದರೆ ಪ್ರೋಗ್ರಾಂ ಓಡಿಸಲು ಲೈಬ್ರರಿಯೊಂದೇ ಸಾಕಾದರೂ, ಕಂಪೈಲ್ ಮಾಡಲು ಅದರಲ್ಲಿ ಏನೇನಿದೆ ಎಂದು ಕಂಪೈಲರಿಗೆ ತಿಳಿಸುವ ಹೆಡರ್ ಕಡತಗಳೂ ಬೇಕು, ಮತ್ತು ಅವು ಬೇರೆ ಪ್ಯಾಕೇಜಿನಲ್ಲಿರುತ್ತವೆ. ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ ಅಂಥ ಪ್ಯಾಕೇಜಿನ ಹೆಸರು ‘ಡೆವ್’ ಎಂದೂ, ಇನ್ನೊಂದು ರೂಪವಾದ ಫೆಡೋರಾದಲ್ಲಿ ‘ಡೆವೆಲ್’ ಎಂದೂ ಮುಗಿಯುತ್ತದೆ. ಈ ಒಂದು ಸಂಗತಿ ತಿಳಿದವರಿಗೆ ಅರ್ಧ ದಿನದ ಪರದಾಟ ತಪ್ಪುತ್ತದೆ.

ನಂತರದ ‘ಮೇಕ್’ ನಿಜವಾದ ಬೀಸುವ ಹಂತ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಈ ಉಪಕರಣ, ಕಡತಗಳ ಸಮಯ ಹೋಲಿಸಿ, ಬದಲಾದುದನ್ನೂ ಅದನ್ನು ನೆಚ್ಚಿದವುಗಳನ್ನೂ ಮಾತ್ರ ಮತ್ತೆ ಕಂಪೈಲ್ ಮಾಡಿಸುತ್ತದೆ.

ಕಡೆಯ ‘ಮೇಕ್ ಇನ್‌ಸ್ಟಾಲ್’ ಸಿದ್ಧ ಕಡತಗಳನ್ನು ಅವುಗಳ ಜಾಗಕ್ಕೆ, ಬೇರೆ ಸೂಚನೆ ಕೊಡದಿದ್ದರೆ ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಫೋಲ್ಡರಿಗೆ, ನಕಲಿಸುತ್ತದೆ. ಮೂರು ಹಂತಗಳಲ್ಲಿ ‘ಸುಡೊ’, ಎಂದರೆ ನಿರ್ವಾಹಕರ ಅಧಿಕಾರದಿಂದ ಆದೇಶ ನಡೆಸುವ ಉಪಕರಣ, ಬೇಕಾಗುವುದು ಇದಕ್ಕಷ್ಟೇ. ಮೊದಲೆರಡು ಹಂತಗಳನ್ನು ಸಾಮಾನ್ಯ ಬಳಕೆದಾರರಾಗಿಯೇ ಮುಗಿಸಬೇಕು. ಹೀಗೆ ಸ್ಥಾಪಿಸಿದ ಪ್ರೋಗ್ರಾಂ ಆಪ್ಟ್‌ನ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಅದನ್ನು ತೆಗೆಯಲು ‘ಮೇಕ್ ಅನ್‌ಇನ್‌ಸ್ಟಾಲ್’ ಬಳಸಬೇಕಾಗುತ್ತದೆ, ಅದಕ್ಕಾಗಿ ಕಂಪೈಲ್ ಮಾಡಿದ ಫೋಲ್ಡರನ್ನು ಅಳಿಸದೆ ಇಟ್ಟುಕೊಂಡಿರಬೇಕು.