ಹ್ಯೂಗೊನಿಯೊ ರೇಖೆ ಲೋಹ ಸಾಗುವ ದಾರಿಯಲ್ಲ

ಲೋಹಕ್ಕೆ ಬಲವಾದ ಹೊಡೆತ ಬಿದ್ದಾಗ ಅದರೊಳಗೆ ಆಘಾತದ ಅಲೆಯೊಂದು ಸಾಗುತ್ತದೆ. ಆ ಅಲೆಯ ಮುಂದಿನ ಮತ್ತು ಹಿಂದಿನ ಸ್ಥಿತಿಗಳನ್ನು ಜೋಡಿಸುವ, ದ್ರವ್ಯರಾಶಿ, ಸಂವೇಗ ಮತ್ತು ಶಕ್ತಿಯ ಸಂರಕ್ಷಣೆಯಿಂದ ಬರುವ ರ‍್ಯಾಂಕಿನ್-ಹ್ಯೂಗೊನಿಯೊ ಸಮೀಕರಣಗಳನ್ನು ಸಾಧಿಸುವುದು ಕಷ್ಟವಲ್ಲವಾದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ಇಷ್ಟು: ಒತ್ತಡ = ಆರಂಭಿಕ ಸಾಂದ್ರತೆ × ಆಘಾತವೇಗ × ಕಣವೇಗ. ಆಘಾತವೇಗ ಎಂದರೆ ಅಲೆ ಸಾಗುವ ವೇಗ; ಕಣವೇಗ ಎಂದರೆ ಅಲೆ ಹಾದ ಮೇಲೆ ಲೋಹವೇ ಚಲಿಸುವ ವೇಗ. ಸಾಂದ್ರತೆಯನ್ನು ಗ್ರಾಂ/ಘನ ಸೆಂ.ಮೀ.ನಲ್ಲಿ, ವೇಗಗಳನ್ನು ಕಿ.ಮೀ./ಸೆಕೆಂಡಿನಲ್ಲಿ ಇಟ್ಟರೆ ಉತ್ತರ ನೇರವಾಗಿ ಗಿಗಾಪಾಸ್ಕಲ್‌ನಲ್ಲೇ ಬರುತ್ತದೆ. ಈ ಅನುಕೂಲವನ್ನು ಬಿಡಬಾರದು.

ತಾಮ್ರದ ಫಲಕವೊಂದು ತಾಮ್ರದ ಗುರಿಗೆ ಸೆಕೆಂಡಿಗೆ 1 ಕಿ.ಮೀ. ವೇಗದಲ್ಲಿ ಬಡಿಯಿತೆನ್ನೋಣ. ಎರಡೂ ಒಂದೇ ಲೋಹವಾದ್ದರಿಂದ ಕಣವೇಗ ಅದರ ಅರ್ಧ, ಅಂದರೆ 0.5. ಪ್ರಯೋಗಗಳಿಂದ ತಿಳಿದಂತೆ ತಾಮ್ರಕ್ಕೆ ಆಘಾತವೇಗ = 3.94 + 1.489 × ಕಣವೇಗ. ಹೀಗಾಗಿ ಅದು 4.68. ಸಾಂದ್ರತೆ 8.93 ಆಗಿರುವುದರಿಂದ ಒತ್ತಡ ಸುಮಾರು 20.9 ಗಿಗಾಪಾಸ್ಕಲ್; ಗಾತ್ರ ಶೇ. 10.7ರಷ್ಟು ಕುಗ್ಗುತ್ತದೆ.

ತೊಡಕಿನ ಹೆಜ್ಜೆ ಇದರ ನಂತರ ಬರುತ್ತದೆ. ಒತ್ತಡ-ಗಾತ್ರದ ನಕ್ಷೆಯಲ್ಲಿ ಹ್ಯೂಗೊನಿಯೊ ವಕ್ರರೇಖೆಯನ್ನು ನೋಡಿದವರಿಗೆ ತಾಮ್ರವು ಆ ರೇಖೆಯನ್ನೇ ಹಿಡಿದು ಮೇಲೇರಿತೆಂದು ಅನ್ನಿಸುವುದು ಸಹಜ, ಆದರೆ ಅದು ಏರುವ ದಾರಿ ಅದಲ್ಲ. ವಕ್ರರೇಖೆಯ ಪ್ರತಿಯೊಂದು ಬಿಂದುವೂ ಬೇರೆ ಬೇರೆ ಹೊಡೆತದ ಕೊನೆಯ ಸ್ಥಿತಿ. ಆಕಾರ ಕೆಡದೆ ಸಾಗುವ ಅಲೆಯ ಬುಡವೂ ನಡುವೂ ತುದಿಯೂ ಒಂದೇ ವೇಗದಲ್ಲಿ ಚಲಿಸಬೇಕು. ನಕ್ಷೆಯಲ್ಲಿ ವೇಗವನ್ನು ತಿಳಿಸುವುದು ಇಳಿಜಾರು. ವೇಗ ಒಂದೇ ಆದರೆ ಇಳಿಜಾರೂ ಒಂದೇ, ಇಳಿಜಾರು ಒಂದೇ ಆದರೆ ದಾರಿ ಸರಳರೇಖೆ. ಅದೇ ರೇಲೀ ರೇಖೆ. ಲೋಹ ವಕ್ರರೇಖೆಯ ಮೇಲೆಯೇ ಏರಿದ್ದರೆ ಕಡಿದಾದ ಮೇಲ್ಭಾಗದ ಅಲೆ ಮುಂದಿನ ನಿಧಾನದ ಭಾಗವನ್ನು ಹಿಂದಿಕ್ಕಿ ಬರುತ್ತಿತ್ತು. ಅಂಥ ಅಲೆ ಹಾಗೆಯೇ ಉಳಿಯಲಾರದು.

ಆಂತರಿಕ ಶಕ್ತಿಯ ಏರಿಕೆ ರೇಲೀ ರೇಖೆಯ ಕೆಳಗಿನ ತ್ರಿಕೋನದ ವಿಸ್ತೀರ್ಣ: ನಮ್ಮ ತಾಮ್ರಕ್ಕೆ ಕಿಲೋಗೆ 125 ಕಿಲೋಜೂಲ್. ಒತ್ತಡ ಇಳಿಯುವಾಗ ಲೋಹವು ಸರಳರೇಖೆಗಿಂತ ಕೆಳಗಿರುವ ಸಮಎಂಟ್ರೊಪಿ ರೇಖೆಯಲ್ಲಿ, ಅಂದರೆ ಎಂಟ್ರೊಪಿ ಬದಲಾಗದ ದಾರಿಯಲ್ಲಿ, ಹಿಂದಿರುಗುತ್ತದೆ. ನಡುವೆ ಉಳಿದ ವಿಸ್ತೀರ್ಣವೇ ಲೋಹದಲ್ಲಿ ಉಳಿಯುವ ಶಾಖ.

ಈ ಸರಳರೇಖೆಯ ಬೆಲೆ ಕಬ್ಬಿಣದಲ್ಲಿ ಚೆನ್ನಾಗಿ ಕಾಣುತ್ತದೆ. ಸುಮಾರು 13 ಗಿಗಾಪಾಸ್ಕಲ್‌ನಲ್ಲಿ ಅದರ ಸ್ಫಟಿಕ ರಚನೆ ಬದಲಾಗಿ ಹ್ಯೂಗೊನಿಯೊ ರೇಖೆ ಒಮ್ಮೆಲೇ ಮುರಿದು ಬಾಗುತ್ತದೆ. ಅದಕ್ಕಿಂತ ತುಸು ಹೆಚ್ಚಿನ ಒತ್ತಡಕ್ಕೆ ಆರಂಭದ ಬಿಂದುವಿನಿಂದ ಎಳೆದ ಸರಳರೇಖೆ ಆ ಮೂಲೆಯ ಕೆಳಗೆ ಹಾದುಹೋಗುವುದರಿಂದ ಒಂದೇ ಅಲೆ ನಿಲ್ಲಲಾರದೆ ಒಡೆಯುತ್ತದೆ: 13ರವರೆಗಿನ ಅಲೆ ಮುಂದೆ, ರೂಪಾಂತರದ ಅಲೆ ಅದರ ಹಿಂದೆ. ಬ್ಯಾಂಕ್ರಾಫ್ಟ್, ಪೀಟರ್ಸನ್ ಮತ್ತು ಮಿನ್ಷಲ್ 1956ರಲ್ಲಿ ಅಲೆಯ ಈ ಒಡಕಿನಿಂದಲೇ ಕಬ್ಬಿಣದ ರೂಪಾಂತರವನ್ನು ಗುರುತಿಸಿದರು; ಹೊಸ ರಚನೆ ಷಟ್ಕೋನೀಯ ನಿಬಿಡ ಜೋಡಣೆಯದು ಎಂಬುದು ಆಮೇಲೆ ಸ್ಥಿರ ಒತ್ತಡದಲ್ಲಿ ನಡೆಸಿದ ಕ್ಷ-ಕಿರಣ ಪ್ರಯೋಗಗಳಿಂದ ತಿಳಿಯಿತು.